ನಾನು ಇಡದೆ ಬಿಟ್ಟ ಪಿಂಡ

೧೯೫೬ನೇ ಇಸವಿ. ನಾನು ಊರು ಬಿಟ್ಟು ಮುಂಬಯಿಗೆ ಬಂದು ಎರಡು ವರ್ಷವಾಗಿತ್ತು. ಫೋರ್ಟಿನ ಒಂದು ಕಂಪನಿಯಲ್ಲಿ ಟೈಪಿಸ್ಟ್ ಕೆಲಸ, ಅಂಧೇರಿಯ ಚಾಳಿನಲ್ಲಿ ವಾಸ. ಉಡುಪಿ ಕಡೆಯ ಪುರೋಹಿತರ ಮಗನಾದ್ದರಿಂದ ನಾಲ್ಕು ಮಂತ್ರ ಬರುತ್ತಿತ್ತು. ಅಷ್ಟರ ಬಲದಿಂದಲೇ ಭಾನುವಾರ ಪಂಚೆ ಉಟ್ಟು ನಾನೂ ‘ಭಟ್ಟರು’ ಆಗಿಬಿಡುತ್ತಿದ್ದೆ. ಗಡಿಬಿಡಿಯಲ್ಲಿ ಎರಡು ಶ್ಲೋಕ ನುಂಗಿದರೂ ಆ ಊರಲ್ಲಿ ಕೇಳುವವರು ಯಾರು? ಈ ಭಂಡ ಧೈರ್ಯವೇ ನನಗೆ ಮುಳುವಾಯಿತು.

ನಮ್ಮ ಚಾಳಿನಲ್ಲೇ ಧಾರವಾಡದ ರಾಯರು ಮತ್ತು ಅವರ ಹೆಂಡತಿ ಇದ್ದರು. ಆಕೆಯನ್ನು ಎಲ್ಲರೂ ಕಾಕು ಎನ್ನುತ್ತಿದ್ದರು. ಅವರ ಒಬ್ಬನೇ ಮಗ ವಸಂತ ಯುದ್ಧಕಾಲದಲ್ಲಿ ಬಾಂಬರ್ ವಿಮಾನದ ಪೈಲಟ್. ೧೯೪೪ರಲ್ಲಿ ಬಂಗಾಳ ಕೊಲ್ಲಿಯ ಮೇಲೆ ಹಾರಿಹೋದ ಅವನ ವಿಮಾನ ತಿರುಗಿ ಬರಲಿಲ್ಲ. ಸಿಬ್ಬಂದಿ ಸಮೇತ ಕಾಣೆ ಎಂದು ಒಂದು ತಂತಿ ಬಂತು, ಅಷ್ಟೇ. ಹೆಣ ಸಿಗಲಿಲ್ಲ, ವಿಮಾನದ ಒಂದು ತುಂಡೂ ಸಿಗಲಿಲ್ಲ. ಬರ್ಮಾದಲ್ಲಿ ಸೆರೆ ಸಿಕ್ಕಿರಬಹುದು ಎಂದು ಕಾಕು ಕಾದರು. ಯುದ್ಧ ಮುಗಿಯಿತು, ಸ್ವರಾಜ್ಯ ಬಂತು, ಆಕೆ ಕಾಯುತ್ತಲೇ ಇದ್ದರು.

ಕಾಣೆಯಾದವರಿಗಾಗಿ ಹನ್ನೆರಡು ವರ್ಷ ಕಾದು, ಆಮೇಲೆ ದರ್ಭೆಯ ಗೊಂಬೆ ಮಾಡಿ, ಅದನ್ನೇ ದೇಹವೆಂದು ಸುಟ್ಟು ಕರ್ಮ ಮಾಡುವ ಪದ್ಧತಿ ನಮ್ಮಲ್ಲಿದೆ. ಆ ವರ್ಷಕ್ಕೆ ಹನ್ನೆರಡು ತುಂಬಿತು. ರಾಯರು ಮನಸ್ಸು ಗಟ್ಟಿ ಮಾಡಿಕೊಂಡು ಪೇಪರಿನಲ್ಲಿ ಸಣ್ಣ ಪ್ರಕಟಣೆಯನ್ನೂ ಕೊಟ್ಟರು. ಕಾಕು ಮಾತ್ರ ಒಂದು ಷರತ್ತು ಹಾಕಿದರು. ಮಾಟುಂಗದಿಂದ ಬಂದ ಹಿರಿಯ ಭಟ್ಟರ ಮುಂದೆ ಒಂದು ಫೋಟೋ ಇಟ್ಟರು. ವಿಮಾನದ ಮುಂದೆ ನಾಲ್ವರು ಹುಡುಗರು ನಗುತ್ತ ನಿಂತಿದ್ದರು. ಹಿಂದುಗಡೆ ವಸಂತನ ಅಕ್ಷರದಲ್ಲಿ ಹೆಸರುಗಳು: ತಾನು, ಗುರುಬಚನ್, ಟಾಮ್, ಲಾರೆನ್ಸ್.

“ಈ ಮೂವರಿಗೂ ಪಿಂಡ ಇಡೂದಿದ್ರ ನನ್ನ ಮಗಂದು ಮಾಡ್ರಿ. ಇಲ್ಲಾಂದ್ರ ಬ್ಯಾಡ. ಇವರನ್ನ ಬಿಟ್ಟು ಅಂವ ಒಬ್ಬನ ಊಟಕ್ಕ ಕೂಡಂಗಿಲ್ಲ.”

“ಜಾತಿ ಬೇರೆ, ಗೋತ್ರ ಗೊತ್ತಿಲ್ಲ, ಹೇಗಮ್ಮ?” ಎಂದರು ಭಟ್ಟರು.

“ವಿಮಾನದಾಗ ಕೂಡಿಸೋವಾಗ ಗೋತ್ರ ಕೇಳಿದ್ರೇನ್ರಿ?”

ಭಟ್ಟರು ಸಹಾಯಕ್ಕೆಂದು ಕೂತಿದ್ದ ನನ್ನ ಕಡೆ ತಿರುಗಿದರು. “ನಂಗಾಗುದಿಲ್ಲ ಮಾರಾಯ. ವಸಂತನದ್ದು ನಾನು ಮಾಡಿಸ್ತೇನೆ. ಉಳಿದದ್ದು ನಿಂಗೆ ಧೈರ್ಯ ಇದ್ರೆ ನೀನು ಮಾಡ್ಸು.”

ಧೈರ್ಯಕ್ಕೇನು ಬರ? ಹೂಂ ಎಂದೆ.

ಕರ್ಮದ ಕೊನೆಯ ದಿನ ಭಾನುವಾರ, ಜುಹೂ ಕಡಲತೀರ. ಭಟ್ಟರು ತಮ್ಮ ಪಾಲಿನದು ಮುಗಿಸಿ ತೆಂಗಿನ ನೆರಳಿಗೆ ಹೋದರು. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ ಹೇಳುವ ರೂಢಿಯಂತೆ ನಾನು ಮೂರು ಹೆಸರು ಹೇಳಿ ರಾಯರಿಂದ ಮೂರು ಪಿಂಡ ಇಡಿಸಿದೆ. ಇನ್ನೊಂದು ಬಾಕಿ ಇತ್ತು. ಹೆಸರು ತಿಳಿಯದವರಿಗೆ, ಯಾರೂ ಇಲ್ಲದವರಿಗೆ ಎಂದು ಕೊನೆಯಲ್ಲಿ ಇಡುವ ಧರ್ಮಪಿಂಡ. ಬಿಸಿಲು ನೆತ್ತಿಗೇರಿತ್ತು, ಮರಳು ಸುಡುತ್ತಿತ್ತು, ಉಪವಾಸವಿದ್ದ ರಾಯರು ತೂರಾಡುತ್ತಿದ್ದರು. ಎಲ್ಲರ ಹೆಸರೂ ಆಯಿತಲ್ಲ, ಇನ್ನು ಯಾರಿದ್ದಾರೆ ಅಂತ ನನಗೆ ನಾನೇ ಹೇಳಿಕೊಂಡೆ. ಸಾಕು ಏಳಿ ಎಂದು ಅವರನ್ನು ಎಬ್ಬಿಸಿದೆ.

ಮನೆಗೆ ಬಂದಾಗ ಕಾಕು ಬಾಗಿಲಲ್ಲೇ ಕೇಳಿದರು: “ಎಲ್ಲಾರಿಗೂ ಮುಟ್ಟಿತೇನು ಶ್ರೀಪತಿ?”

“ಮುಟ್ಟಿತು ಕಾಕು,” ಎಂದೆ.

ಎಲೆ ಹಾಕಿ ಸಾರು ಬಡಿಸುತ್ತಿದ್ದೆ. ಬಾಗಿಲಲ್ಲಿ ಯಾರೋ ಕೆಮ್ಮಿದರು. ಕೈಯಲ್ಲಿ ರಾಯರ ಪ್ರಕಟಣೆಯಿದ್ದ ಪೇಪರಿನ ಚೂರು ಹಿಡಿದಿದ್ದ ಒಬ್ಬ ಬಡಕಲು ಮನುಷ್ಯ. ಮುಖ ನೋಡಿದೆ, ಫೋಟೋದ ಬಲತುದಿಯ ಹುಡುಗ! ಸೌಟು ಕೈಜಾರಿ ಬಿತ್ತು. ಬೆಳಿಗ್ಗೆಯಷ್ಟೇ ನಾನು ಪಿಂಡ ಇಡಿಸಿದ ಲಾರೆನ್ಸ್ ಜೀವಂತ ಹೊಸ್ತಿಲಲ್ಲಿ ನಿಂತಿದ್ದ.

“ನಾನು ಲಾರೆನ್ಸ್. ಮಂಗಳೂರಿನವ. ಈಗ ಭಾಂಡುಪಿನ ಕಾರ್ಖಾನೆಯಲ್ಲಿ ಇದ್ದೇನೆ,” ಎಂದ. “ಆ ದಿನ ನನಗೆ ಜ್ವರ. ನೀನು ಮಲಗು, ನಿನ್ನ ಬದಲು ಹಮೀದನನ್ನು ಕರ್ಕೊಂಡು ಹೋಗ್ತೇನೆ ಅಂತ ವಸಂತ ಸಾರ್ ಹೇಳಿದ್ರು. ಹೋಗಬೇಕಾದವ ನಾನು. ಅದಕ್ಕೇ ಇಷ್ಟು ವರ್ಷ ನಿಮಗೆ ಮುಖ ತೋರಿಸ್ಲಿಕ್ಕೆ ಆಗಲಿಲ್ಲ ಅಮ್ಮ.”

ಕಾಕು ಅವನಿಗೆ ಶಾಪ ಹಾಕುತ್ತಾರೆ ಎಂದೇ ನಾನು ಹೆದರಿದೆ. ಆಕೆ ನನ್ನ ಕಡೆ ತಿರುಗಿದರು. “ಹಂಗಾರ ಆ ಹಮೀದಗ ಏನೂ ಮುಟ್ಟಲಿಲ್ಲೇನೋ?”

“ಯಾಕೆ? ಧರ್ಮಪಿಂಡ ಇಟ್ಟಿರ್ತಾನಲ್ಲ, ಅದೇ ಮುಟ್ಟಿತು,” ಎಂದು ಎಲೆಯ ಮುಂದೆ ಕೂತಿದ್ದ ಭಟ್ಟರು ಸಮಾಧಾನ ಹೇಳಿದರು.

ನಾಚಿಕೆಯಿಂದ ನೆಲಕ್ಕಿಳಿದು ಹೋದೆ. “ಇಡಲಿಲ್ಲ. ಬಿಸಿಲೆಂದು ಬಿಟ್ಟುಬಿಟ್ಟೆ,” ಎಂದು ಎಲ್ಲರೆದುರು ಅತ್ತುಬಿಟ್ಟೆ. ಸತ್ತವನನ್ನು ಬಿಟ್ಟು ಬದುಕಿದ್ದವನಿಗೆ ಪಿಂಡ ಇಡಿಸಿದ್ದೆ.

ಕಾಕು ಲಾರೆನ್ಸನನ್ನು ಕೇಳಿದರು: “ಆ ಹಮೀದನ ಅವ್ವ ಇದ್ದಾಳೇನು?”

“ಇದ್ದಾರೆ. ಜೋಗೇಶ್ವರಿಯಲ್ಲಿ. ಮೂರು ಸಲ ಹೋಗಿ ಬಾಗಿಲು ತಟ್ಟದೆ ಬಂದೆ.”

ಅಯ್ಯೋ ದೇವರೇ! ಜೋಗೇಶ್ವರಿ ನಮ್ಮ ಅಂಧೇರಿಯಿಂದ ಒಂದೇ ಸ್ಟೇಶನ್ ದೂರ.

“ಮೊದಲ ನೀ ಊಟಾ ಮಾಡು,” ಎಂದು ಕಾಕು ಅವನನ್ನು ಮಗನ ಹೆಸರಲ್ಲಿ ಹಾಕಿದ್ದ ಎಲೆಯ ಪಕ್ಕದ ಎಲೆಗೆ ಕೂಡಿಸಿದರು. “ಉಂಡು ನನ್ನ ಆಕಿ ಕಡೆ ಕರಕೊಂಡು ನಡಿ.”

ಭಟ್ಟರು ಎದ್ದರು. “ಹಮೀದನದ್ದು ನಾನೇ ಮಾಡಿಸ್ತೇನೆ. ಬನ್ನಿ ರಾಯರೇ, ಇನ್ನೂ ಹೊತ್ತಿದೆ. ಶ್ರೀಪತಿ, ನೀನು ಅಮ್ಮನ ಜೊತೆ ಹೋಗು,” ಎಂದರು.

ಸಂಜೆ ನಾವು ಮೂವರೂ ಜೋಗೇಶ್ವರಿಯ ಒಂದು ಸಣ್ಣ ಖೋಲಿಯ ಮುಂದೆ ನಿಂತೆವು. ಬಾಗಿಲು ತಟ್ಟಿದ್ದು ಕಾಕುವೇ. ತೆರೆದಾಕೆ ಅವರಷ್ಟೇ ವಯಸ್ಸಿನ ಹೆಂಗಸು. “ಮೈ ವಸಂತ್ ಕೀ ಮಾ. ಹಮೀದ್ ಕೇ ಸಾಥ್ ಥಾ,” ಎಂದರು ಕಾಕು ತಮ್ಮ ಹರುಕು ಹಿಂದಿಯಲ್ಲಿ, ತಾನು ವಸಂತನ ತಾಯಿ, ಅವನು ಹಮೀದನ ಜೊತೆಗಿದ್ದ ಎಂದು.

ಆಕೆಯ ಮುಖ ಒಮ್ಮೆಲೇ ಅರಳಿತು. ಕಾಕುವಿನ ಎರಡೂ ಕೈ ಹಿಡಿದುಕೊಂಡು, “ಕೋಯಿ ಖಬರ್ ಆಯೀ?” ಎಂದಳು.

ಹನ್ನೆರಡು ವರ್ಷ ಕಾಕು ಕಂಡಕಂಡವರನ್ನು ಕೇಳಿದ್ದೂ ಅದೇ ಪ್ರಶ್ನೆ, ಏನಾದರೂ ಸುದ್ದಿ ಬಂತೇ ಎಂದು. ಲಾರೆನ್ಸ್ ಗೋಡೆಗೆ ಮುಖ ಮಾಡಿ ನಿಂತ. ನನಗೆ ಓಡಿಹೋಗೋಣ ಅನ್ನಿಸಿತು.

“ನಹೀ ಬೆಹನ್,” ಎಂದರು ಕಾಕು. “ಅಪನೇ ಬಚ್ಚೇ ಗಯೇ. ದೋನೋ ಸಾಥ್ ಗಯೇ.”

ನಮ್ಮ ಮಕ್ಕಳಿಬ್ಬರೂ ಜೊತೆಗೇ ಹೋದರು ಎಂದರು; ತನ್ನ ಮಗ ಹೋದ ಎಂದು ಕಾಕು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ರಾಯರ ಮುಂದೂ ಹೇಳಿರಲಿಲ್ಲ. ಇನ್ನೊಬ್ಬ ತಾಯಿ ಕಾಯುವುದು ನಿಲ್ಲಲಿ ಎಂದು ಹೇಳಿಬಿಟ್ಟರು. ಆಕೆ ಕುಸಿದಾಗ ಕಾಕುವೂ ಅಲ್ಲೇ ಹೊಸ್ತಿಲಲ್ಲಿ ಕುಳಿತು ಅವಳನ್ನು ಅಪ್ಪಿಕೊಂಡರು. ಇಬ್ಬರೂ ದನಿಯೆತ್ತಿ ಅತ್ತರು.