ಶಿವಗಂಗಾ ಹಾಕದ ಬೀಜ

ಹೂಡಿ ಬಡಾವಣೆಯ ಆ ಶಾಲೆಯಲ್ಲಿ ಗಂಟೆ ಇಲ್ಲ, ತರಗತಿ ಇಲ್ಲ, ಹೆಡ್‌ಮಾಸ್ಟರಂತೂ ಮೊದಲೇ ಇಲ್ಲ. ಪ್ರತಿ ಸೋಮವಾರ ಎಲ್ಲರೂ ಚಾಪೆ ಹಾಸಿ ದುಂಡಗೆ ಕೂರುತ್ತಾರೆ. ಹೇಳಿದ ಮಾತು ಒಪ್ಪದವರು ನಡುವಿನ ತಟ್ಟೆಗೆ ಒಂದು ಹುಣಸೆ ಬೀಜ ಹಾಕಬೇಕು. ಒಂದೇ ಬೀಜ ಬಿದ್ದರೂ ತೀರ್ಮಾನ ನಿಂತುಹೋಗುತ್ತದೆ. ಅಡುಗೆಯ ಶಿವಗಂಗಾಳಿಗೂ ಅದೇ ಹಕ್ಕು. ಬೀಜ ತೊಳೆದು ಒಣಗಿಸಿ ಇಡುವವಳೂ ಅವಳೇ. ಆದರೆ ಹದಿನಾಲ್ಕು ವರ್ಷದಲ್ಲಿ ಒಂದನ್ನೂ ಹಾಕಿರಲಿಲ್ಲ.

ಕೊಪ್ಪಳದ ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಅವಳನ್ನು ಕರೆತಂದವರು ಶಾಲೆ ಕಟ್ಟಿದ ಶ್ಯಾಮಲಾ. ಆರು ವರ್ಷದ ಮಗಳು ಬಸಮ್ಮ ಕಲಿಯಲಿ, ತಾಯಿ ಅಡುಗೆ ಮಾಡಲಿ ಎಂದರು. ಅಡುಗೆಮನೆಯೂ ಪಾಠಶಾಲೆಯೇ ಎಂದು ಅವರ ನಂಬಿಕೆ. ಬ್ರೂಕ್‌ಫೀಲ್ಡಿನಿಂದ ಕಾರಿನಲ್ಲಿ ಬರುವ ಮಕ್ಕಳೂ ಕೂಲಿಯವರ ಶೆಡ್ಡಿನ ಮಕ್ಕಳೂ ಒಟ್ಟಿಗೆ ಕೂತು ಅಕ್ಕಿ ಅಳೆದರು, ಬೀನ್ಸ್ ಮುರಿದರು. "ಶಿವಗಂಗಕ್ಕ, ಎಷ್ಟು ಸೇರು?" ಎಂದು ಮುತ್ತಿಕೊಂಡಾಗ ಓದು ಬಾರದ ಅವಳ ಎದೆ ಉಬ್ಬುತ್ತಿತ್ತು. ಅಂಥ ಖುಷಿ ಅವಳಿಗೆ ಇನ್ನೆಲ್ಲೂ ಸಿಕ್ಕಿದ್ದಿಲ್ಲ.

ಮೊದಲ ವರ್ಷವೇ ಒಂದು ತೀರ್ಮಾನವಾಗಿತ್ತು: ಮಕ್ಕಳು ಮನಸ್ಸು ಬಂದಾಗ ಓದಲಿ, ಒತ್ತಾಯ ಬೇಡ. ಅವತ್ತು ಅವಳ ಮುಷ್ಟಿಯಲ್ಲಿ ಬೀಜವಿತ್ತು. ಇಷ್ಟೊಂದು ಓದಿದವರ ನಡುವೆ ತನ್ನದೇನು ಎಂದು ಅಂಜಿ ಅದನ್ನು ಸೆರಗಿಗೆ ಕಟ್ಟಿಕೊಂಡಳು. ಕಾರಿನ ಮಕ್ಕಳಿಗೆ ಮನೆಯಲ್ಲಿ ಓದಿಸುವವರಿದ್ದರು, ಅವರಿಗೇನು ಬಿಡಿ. ಬಸಮ್ಮ ಚೆಂದವಾಗಿ ಹಾಡಿದಳು, ಮಣ್ಣಿನ ಆನೆ ಮಾಡಿದಳು. ಓದುವ ಮನಸ್ಸು ಮಾತ್ರ ಬರಲೇ ಇಲ್ಲ. ಹತ್ತನೆಯ ಪರೀಕ್ಷೆಗೆ ಎರಡು ಸಲ ಕೂತಳು, ಎರಡು ಸಲವೂ ಫೇಲಾದಳು. ಈಗ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸುತ್ತಾಳೆ. ಅಲ್ಲಿಗೆ ಅರ್ಜಿ ಬರೆದುಕೊಟ್ಟದ್ದೂ ಬೇರೆ ಯಾರೋ.

ಈ ಜೂನಿನಲ್ಲಿ ಟೀಚರ್ ಶಶಿಕುಮಾರ್ ಹೊಸ ವ್ಯವಸ್ಥೆ ಓದಿ ಹೇಳಿದರು. ಇನ್ನು ಮೇಲೆ ತರಗತಿ, ಟೈಂಟೇಬಲ್, ಪರೀಕ್ಷೆ ಇರುತ್ತವೆ. ಬೆಳಗಿನ ಹೊತ್ತೆಲ್ಲ ಓದು, ಬರಹ. ಊಟ ಹೊರಗಿನಿಂದ ಬರುತ್ತದೆ, ಶಿವಗಂಗಾ ಬಡಿಸಿದರೆ ಸಾಕು. ಮಕ್ಕಳು ಅಡುಗೆಮನೆಗೆ ಬರುವ ಹಾಗಿಲ್ಲ. ಹೀಗೆ ಮಾಡಿ ಎಂದು ಕೇಳಿದವರು ಶೆಡ್ಡಿನ ತಾಯಂದಿರೇ.

ಟೀಚರುಗಳ ಮುಖ ಬಾಡಿತು. ಆ ತಾಯಂದಿರು ಕೇಳಿದ್ದಕ್ಕೆ ಅಡ್ಡ ಬರಲು ಯಾರಿಗೂ ಬಾಯಿಲ್ಲ. ಶ್ಯಾಮಲಾ ತಾನೇ ಬೀಜ ಹಾಕಿದರೆ ಹೆಡ್‌ಮಾಸ್ಟರಿಕೆ ನಡೆಸಿದರು ಎಂದಾರೆಂದು ಹೆದರಿ ಶಿವಗಂಗಾಳ ಕಡೆ ನೋಡಿದರು. ಉಳಿದವರೂ ನೋಡಿದರು. ಅವಳ ಕೈಯಲ್ಲಿ ಬೀಜವಿತ್ತು. ಅಡುಗೆಮನೆ ಬಿಟ್ಟರೆ ಅವಳದು ಎನ್ನುವಂಥದ್ದು ಅಲ್ಲೇನೂ ಇರಲಿಲ್ಲ. ಆದರೂ ಅವಳು ಮುಷ್ಟಿ ಬಿಚ್ಚಲಿಲ್ಲ. ತಟ್ಟೆ ಖಾಲಿಯೇ ಉಳಿಯಿತು.

ಎಲ್ಲರೂ ಎದ್ದ ಮೇಲೆ ಶ್ಯಾಮಲಾ ಅಡುಗೆಮನೆಗೆ ಬಂದರು. "ಒಂದೇ ಒಂದು ಬೀಜ ಹಾಕಿದ್ರೆ ನಿಂತುಹೋಗ್ತಿತ್ತಲ್ಲ ಶಿವಗಂಗಾ. ಯಾಕೆ ಹಾಕ್ಲಿಲ್ಲ?"

"ಹಾಕೂದಿದ್ರ ಹದಿನಾಲ್ಕು ವರ್ಷದ ಹಿಂದನ ಹಾಕಬೇಕಿತ್ರೀ ಅಕ್ಕಾರ," ಎಂದಳು ಶಿವಗಂಗಾ. "ಇವತ್ತ ಹಾಕಿದ್ರ ಇನ್ನೊಬ್ಬಾಕಿ ಮಗಳು ದಾರ ಕತ್ತರಿಸಾಕ ಹೋಗ್ತಾಳ."

ಶಿವಗಂಗಾ ಬೀನ್ಸಿನ ಬುಟ್ಟಿ ಎಳೆದುಕೊಂಡು ಒಬ್ಬಳೇ ಮುರಿಯತೊಡಗಿದಳು.