ನನ್ನ ಮೊಣಕೈ ಅಳತೆಯ ಮೇಜು

ಬಸ್ಸಿನಲ್ಲಿ ಬಗಲಿಗೆ ಇಟ್ಟುಕೊಂಡು ಒಯ್ಯುವಂಥ ಒಂದು ಮೇಜು ನನಗೆ ಬೇಕಾಗಿತ್ತು. ನಾನು ಚಿಂತಾಕಿಯಲ್ಲಿ ಸಾಲಿ ಕಲಿಸುವವಳು, ಮನೆ ಔರಾದಿನಲ್ಲಿ. ನಾಣ್ಯ, ಇಸ್ಪೀಟು ಹಿಡಿದು ಜಾದೂ ಮಾಡುವುದನ್ನು ಅಪ್ಪ ನನಗೂ ಅಣ್ಣನಿಗೂ ಒಟ್ಟಿಗೇ ಕಲಿಸಿದ್ದರು. ಅವರು ಬೀದರಿನ ಮಿಷನ್ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಹೊರಗೆ ನಿಂತು ಯಾರದೋ ಕಿವಿಯಿಂದ ನಾಣ್ಯ ತೆಗೆದರೆ ಪಾದ್ರಿಗಳೂ ನಿಂತು ನೋಡುತ್ತಿದ್ದರು. ಅಪ್ಪ ಹೋದ ಮೇಲೆ ಮದುವೆ, ಕ್ರಿಸ್‌ಮಸ್ ಕೂಟಗಳಿಗೆಲ್ಲ ಕರೆ ಬರತೊಡಗಿದ್ದು ಅಣ್ಣನಿಗೆ. ಅವನು ಆರಡಿ ಆಳು, ದೊಡ್ಡ ದನಿಯವನು. ನಾನು ಪಕ್ಕದಲ್ಲಿ ನಿಂತು ಒಂದೊಂದೇ ಸಾಮಾನು ಕೈಗೆ ಕೊಡುತ್ತಿದ್ದೆ. ಅದರಲ್ಲಿ ನನಗೇನೂ ಬೇಸರವಿಲ್ಲ ಎಂದೇ ಬಹಳ ವರ್ಷ ತಿಳಿದುಕೊಂಡಿದ್ದೆ.

ಒಮ್ಮೆ ಬೀದರಿನಲ್ಲಿ ಶಿಕ್ಷಕರ ತರಬೇತಿ ಇತ್ತು. ಮಧ್ಯಾಹ್ನ ಊಟವಾದ ಮೇಲೆ ಐದಾರು ಜನರ ಮುಂದೆ ನಾನು ಮೂರು ನಾಣ್ಯಗಳ ಆಟ ತೋರಿಸಿದೆ. ಮೇಜಿನ ಮೇಲಿಟ್ಟ ನಾಣ್ಯಗಳು ಒಂದೊಂದಾಗಿ ಮಾಯವಾಗಿ, ಎದುರಿಗೆ ಕೂತವರ ಅಂಗೈ ಕೆಳಗೆ ಸಿಗುವ ಆಟ. ಅಪ್ಪ ಕಲಿಸಿದ್ದಲ್ಲ, ವರ್ಷಗಟ್ಟಲೆ ತಿದ್ದಿ ತಿದ್ದಿ ನಾನೇ ಕೂಡಿಸಿದ್ದು. ಆ ದಿನ ಅಂಗೈ ಇಟ್ಟವರು ಭಾಲ್ಕಿಯ ಒಂದು ಶಾಲೆಯ ಹೆಡ್‌ಮಿಸ್. ಕೈ ಎತ್ತಿ ನೋಡಿ, ನಕ್ಕು ನಕ್ಕು ಅವರಿಗೆ ಕೆಮ್ಮು ಬಂತು.

"ನಮ್ಮ ಸಾಲಿ ವಾರ್ಷಿಕೋತ್ಸವಕ್ಕ ನೀವು ಬರ್ಲೇಬೇಕ್ರಿ. ಸ್ಟೇಜ್ ಬ್ಯಾಡ. ಹಿಂಗೇ ಹತ್ತಿರ ಕುಂದ್ರಿಸಿ ತೋರಸ್ರಿ" ಎಂದರು.

ಅಣ್ಣನನ್ನು ಬಿಟ್ಟು ನನ್ನನ್ನೇ ಆಟಕ್ಕೆ ಕರೆದದ್ದು ಅದೇ ಮೊದಲು. ಆದರೆ ಅವರ ಶಾಲೆಯಲ್ಲಿದ್ದವು ಇಳಿಜಾರು ಹಲಗೆಯ ಡೆಸ್ಕುಗಳು. ಅದರ ಮೇಲೆ ನಾಣ್ಯ ನಿಲ್ಲುವುದಿಲ್ಲ.

ಎರಡು ಶನಿವಾರ ಬೀದರಿನ ಅಂಗಡಿಗಳನ್ನು ಸುತ್ತಿದೆ. ಪ್ಲಾಸ್ಟಿಕ್ ಮೇಜು ಪೆಟ್ಟಿಗೆಯಂತೆ ಮಡಚುತ್ತಿತ್ತು, ಬಿಚ್ಚಿದರೆ ನಟ್ಟನಡುವೆ ಒಂದು ಸೀಳು. ಇಸ್ಪೀಟು ಎಲೆ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಮೇಲಾಗಿ ಒಳಗೆ ಟೊಳ್ಳು, ನಾಣ್ಯ ಇಟ್ಟರೆ ಹಲಗೆ ಬಡಿದ ಹಾಗೆ ಸದ್ದು. ಜಾದೂವಿನಲ್ಲಿ ಕೆಲವು ನಾಣ್ಯ ಕೇಳಿಸಬೇಕು, ಕೆಲವು ಕೇಳಿಸಲೇಬಾರದು. ಅಲ್ಯೂಮಿನಿಯಂ ಮೇಜು ಹೂವಿನಷ್ಟು ಹಗುರ, ಆದರೆ ಅಂಗೈ ಊರಿದರೆ ಕಾಲು ನಡುಗುತ್ತಿತ್ತು. ತಳ್ಳುಬಂಡಿಯವರು ಬಳಸುವ ಕಬ್ಬಿಣದ ಸ್ಟ್ಯಾಂಡು ಅಲುಗಲೇ ಇಲ್ಲ, ಆದರೆ ಅದನ್ನು ಎತ್ತುವುದು ನನ್ನಿಂದಾಗಲಿಲ್ಲ. ಎಲ್ಲದರ ಮೇಲೂ ನಾಣ್ಯ ಇಟ್ಟು, ಸರಿಸಿ, ಎತ್ತಿ ನೋಡುತ್ತಿದ್ದೆ.

"ಅಕ್ಕೋರ, ಟೇಬಲ್ ತಗೋತೀರೋ, ಇಲ್ಲಾ ಆಟ ತೋರಸ್ತೀರೋ?" ಎಂದ ಒಬ್ಬ ಅಂಗಡಿಯವ. ನಾಣ್ಯ ಪರ್ಸಿಗೆ ಹಾಕಿಕೊಂಡು ಹೊರಬಿದ್ದೆ.

ಕೊನೆಗೆ ಹಳೇ ಊರಿನ ಒಬ್ಬ ಬಡಗಿ ಚಾಚಾ ಸಿಕ್ಕರು. ನಾನು ಹೇಳಿದ್ದನ್ನೆಲ್ಲ ಕೇಳಿ, ನಾಣ್ಯದ ಆಟವನ್ನೂ ನೋಡಿ, ಟೇಪು ತಂದು ಎದುರಿಗೆ ನಿಂತರು.

"ಕೈ ಹಿಂಗ ಮಡಚ್ರಿ ಟೀಚರ್. ನೆಟ್ಟಗ ನಿಂದರ್ರಿ. ನಿಮ್ಮ ಮೊಣಕೈಗಿಂತ ನಾಲ್ಕು ಬೆರಳು ಕೆಳಗ ಹಲಗಿ ಬರ್ಬೇಕು. ಮ್ಯಾಲ ಬಂದ್ರ ಮುಂದ ಕುಂತವರಿಗಿ ನಿಮ್ಮ ಅಂಗೈ ಒಳಗಿಂದೆಲ್ಲಾ ಕಾಣಸ್ತದ."

ಅಷ್ಟು ಸರಿಯಾಗಿ ಅದನ್ನು ಅಪ್ಪನೂ ಹೇಳಿರಲಿಲ್ಲ. ನಾನು ಕುಳ್ಳಿ. ಅಣ್ಣನ ಜೊತೆ ಅಷ್ಟು ವರ್ಷ ನಿಂತಾಗಲೂ ಎಲ್ಲ ಮೇಜುಗಳು ಅವನ ಎತ್ತರಕ್ಕೇ ಇದ್ದವು. ಕಾಲು ಒಳಗೆ ಮಡಚುವ ಸಾಗವಾನಿ ಮೇಜು, ಸುತ್ತ ಸಣ್ಣ ಅಂಚು, ಮೇಲೆ ಮೆತ್ತನೆ ಹಸಿರು ಬಟ್ಟೆ ಎಂದು ಮಾತಾಯಿತು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಖುಷಿಗೆ ನನ್ನ ಮೊಣಕೈಯನ್ನೇ ಮುಟ್ಟಿ ಮುಟ್ಟಿ ನೋಡಿಕೊಂಡೆ.

ಆ ತಿಂಗಳು ಎರಡು ಸಲ ಅಣ್ಣನ ಮನೆಯಲ್ಲಿ, ಅವನ ಊಟದ ಮೇಜಿನ ಮೇಲೆ, ಇಡೀ ಆಟ ಮಾಡಿ ತೋರಿಸಿದೆ. ತಪ್ಪಿದ್ದರೆ ಹೇಳಲಿ ಎಂದು. "ಇನ್ನೊಮ್ಮೆ ಮಾಡು. ಸಾವಕಾಶ ಮಾಡು" ಎಂದ. ಸಾವಕಾಶವಾಗಿಯೇ ಮಾಡಿದೆ. ಮೇಜು ಸಿದ್ಧವಾಗಲು ತಡವಾದಾಗ, "ನಾ ಬೀದರ್‌ನ್ಯಾಗೇ ಇರ್ತೇನಿ, ನಾನೇ ಭಾಲ್ಕಿಗಿ ತರ್ತೇನಿ. ನೀ ಔರಾದಿಂದ ಸೀದಾ ಅಲ್ಲಿಗೇ ಬಾ" ಎಂದದ್ದೂ ಅವನೇ. ನಾನು ಖುಷಿಯಿಂದ ಒಪ್ಪಿದೆ.

ವಾರ್ಷಿಕೋತ್ಸವದ ದಿನ ಭಾಲ್ಕಿಗೆ ಹೆಡ್‌ಮಿಸ್ ಹೇಳಿದ ಹೊತ್ತಿಗೇ ತಲುಪಿದೆ. ಶಾಲೆಯ ದೊಡ್ಡ ಕೋಣೆಯಿಂದ ಆಗಲೇ ಚಪ್ಪಾಳೆ ಕೇಳಿಸಿತು. ಬಾಗಿಲಲ್ಲಿ ನಿಂತು ನೋಡಿದರೆ ಹಸಿರು ಮೇಜಿನ ಹಿಂದೆ ಅಣ್ಣ. ಕುರ್ಚಿಯಲ್ಲಿ ಕೂತ ಹೆಂಗಸೊಬ್ಬರ ಅಂಗೈ ಕೆಳಗಿನಿಂದ ಮೂರನೆಯ ನಾಣ್ಯ ತೆಗೆಯುತ್ತಿದ್ದ. ನನ್ನ ಆಟ. ನಾನು ಎಲ್ಲಿ ತಡೆದು ಮಾತಾಡುತ್ತಿದ್ದೆನೋ ಅವನೂ ಅಲ್ಲೇ ತಡೆದ.

ಪಕ್ಕದಲ್ಲಿದ್ದ ಶಿಕ್ಷಕಿ ನನ್ನ ಕೈಯ ಚೀಲ ನೋಡಿ, "ನೀವು ಸರ್‌ಗಿ ಅಸಿಸ್ಟೆಂಟ್ ಏನ್ರಿ?" ಎಂದು ಕೇಳಿದರು.

ಹೆಡ್‌ಮಿಸ್ ನನ್ನನ್ನು ಕಂಡು ಮುಂದೆ ಕರೆದರು. "ಆ ಆಟ ನಿಮ್ಮ ಅಣ್ಣಾವರು ತೋರಿಸಿದ್ರು, ನೀವು ಹೊಸದಾಗಿ ಏನರ ಮಾಡ್ರಿ" ಎಂದರು. ನನ್ನ ಹತ್ತಿರ ಹೊಸದು ಏನಿತ್ತು? ಮೇಜಿನ ಹಿಂದೆ ಹೋಗಿ ನಿಂತೆ. ಹಲಗೆ ನನ್ನ ಪಕ್ಕೆಲುಬಿನವರೆಗೆ ಬಂತು. ಕಾಲುಗಳು ಉದ್ದವಾಗಿದ್ದವು. ಬಿಚ್ಚುವಾಗ ಸರಿಯಾಗಿ ಕೂತಿಲ್ಲವೋ, ಬೇರೆ ಮೇಜೋ ಎಂದು ಒಂದು ಗಳಿಗೆ ಬಗ್ಗಿ ನೋಡಿದೆ. ಹಲಗೆಯ ಪಾಲಿಶ್ ಒಂದು ಬಣ್ಣ, ಕಾಲಿನದು ಇನ್ನೊಂದು; ಕಾಲುಗಳನ್ನೇ ಬದಲಿಸಿದ್ದರು. ಅಷ್ಟರಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಪ್ಪ ಕಲಿಸಿದ ಒಂದು ನಾಣ್ಯದ ಸುಲಭದ ಆಟ ಹಿಡಿದೆ. ಕೈಗಳನ್ನು ಎದೆಯವರೆಗೆ ಎತ್ತದೆ ಬೇರೆ ದಾರಿಯಿರಲಿಲ್ಲ.

"ಎಡಗೈಯಾಗ ಅದ, ಕಾಣ್ಲಾಕತ್ತದ" ಎಂದರು ಮುಂದಿನ ಸಾಲಿನ ಹೆಂಗಸು. ಕೆಟ್ಟ ಮನಸ್ಸಿನಿಂದ ಅಲ್ಲ, ಕಂಡದ್ದನ್ನು ಹೇಳಿದರು ಅಷ್ಟೇ. ಕೋಣೆಯೆಲ್ಲ ನಕ್ಕಿತು.

ಅಣ್ಣ ಮುಂದೆ ಬಂದು ನನ್ನ ಹೆಗಲ ಮೇಲೆ ಕೈ ಹಾಕಿದ. "ನಮ್ಮ ತಂಗಿ ಇನ್ನಾ ಕಲಿಲಾಕತ್ತಾಳ್ರಿ" ಎಂದ. ಅದಕ್ಕೂ ಚಪ್ಪಾಳೆ ಬಿತ್ತು.

ಹೊರಗೆ ಬಂದ ಮೇಲೆ ಕೇಳಿದೆ. "ಕಾಲು ಯಾಕ ಬದಲಸ್ದಿ?"

"ನನಗ ನಿಂದ್ರಲಾಕ ಬರಬೇಕಲ್ಲ."

"ಮೇಜು ನಂದು. ಕರದಿದ್ದು ನನಗ."

"ಅಪ್ಪ ಇದ್ದಾಗಿಂದ ಮುಂದ ನಿಂದರಾವ ನಾನೇ. ಹೊಸ ಮಂದಿ ಕಂಡ್ರ ನಿನ್ನ ಕೈ ನಡಗ್ತಾವ. ನಿನ್ನ ಮರ್ಯಾದಿ ಹೋಗಬಾರದಂತ ಬಂದೀನಿ. ಅದು ಬಿಟ್ಟು ನನಗೇ ಕೇಳ್ತಿ?"

ಅವನು ಹಾಗೆಂದೇ ನಂಬಿದ್ದ. ಅದೇ ನನ್ನನ್ನು ಹೆಚ್ಚು ಸುಟ್ಟಿತು. ಕದ್ದೆ ಎಂದು ಅವನಿಗೆ ಗೊತ್ತಿದ್ದರೆ ಜಗಳವಾಡಬಹುದಿತ್ತು. ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆ ಎಂದ. ಬೇಡವೆಂದು ನಡೆದೇ ಹೋದೆ. ಮೇಜು ಅವನ ಹತ್ತಿರವೇ ಉಳಿಯಿತು.

ಮುಂದಿನ ವಾರ ಬಡಗಿ ಚಾಚಾನ ಹತ್ತಿರ ಹೋದೆ. ನನ್ನನ್ನು ಕಂಡು ಅವರು ಎದ್ದು ನಿಂತರು.

"ಕಾಲು ಎತ್ತರ ಮಾಡಸು ಅಂತ ತಂಗಿನೇ ಹೇಳ್ಯಾಳ ಅಂದ್ರು ನಿಮ್ಮ ಅಣ್ಣಾವರು. ನಂಗ ಸಂಶಯ ಬಂದಿತ್ತು ಟೀಚರ್. ಒಂದು ಫೋನ್ ಮಾಡಬೇಕಿತ್ತು ನಾ." ಹಳೆಯ ಕಾಲುಗಳು ಇನ್ನೂ ಇವೆ, ಬೇಕಾದರೆ ಅವಕ್ಕೇ ಹೊಸ ಹಲಗೆ ಕೂಡಿಸಿ ಕೊಡುತ್ತೇನೆ ಎಂದರು. ನೋಡೋಣ ಎಂದು ಹೇಳಿ ಬಂದೆ. ಮತ್ತೆ ಹೋಗಲಿಲ್ಲ.

ಅವ್ವನಿಗೆ ಹೇಳಿದರೆ, "ಒಂದು ಟೇಬಲ್ ಸಲುವಾಗಿ ಅಣ್ಣನ ಸಂಗಟ ಮಾತು ಬಿಡ್ತಿಯೇನು?" ಎಂದಳು. ಮಾತು ಬಿಟ್ಟಿಲ್ಲ. ಹಬ್ಬಕ್ಕೆ ಅವನ ಮನೆಗೆ ಹೋಗುತ್ತೇನೆ, ಅಡುಗೆಗೆ ಸೇರುತ್ತೇನೆ, ಅವನು ನಕ್ಕರೆ ನಗುತ್ತೇನೆ. ನಾಣ್ಯ ಮಾತ್ರ ಅವನ ಕಣ್ಣೆದುರು ತೆಗೆಯುವುದಿಲ್ಲ.

ಒಂದು ವರ್ಷ ಕಳೆದ ಮೇಲೆ, ಶಾಲೆಯಲ್ಲಿ ಮಕ್ಕಳ ಬಿಸಿಯೂಟ ನಡೆಯುತ್ತಿದ್ದಾಗ ಭಾಲ್ಕಿಯ ಹೆಡ್‌ಮಿಸ್ ಫೋನ್ ಮಾಡಿದರು.

"ಈ ಸಲನೂ ನಮ್ಮ ಫಂಕ್ಷನ್ ಅದ್ರಿ. ನಿಮ್ಮ ಅಣ್ಣಾವರ ನಂಬರ್ ಕೊಡ್ತೀರಿ? ನೀವೂ ಬರ್ರಿ ಮತ್ತ, ಅವರಿಗಿ ಸಹಾಯಕ್ಕ."

ತಪ್ಪು ನಂಬರ್ ಹೇಳಿಬಿಡುವ ಮನಸ್ಸಾಯಿತು. ಹೇಳಲಿಲ್ಲ. ಒಂದೊಂದೇ ಅಂಕಿ ಬಿಡಿಸಿ ಹೇಳಿದೆ. ಸರಿಯಾಗಿ ಕೇಳಿಸಲಿಲ್ಲ ಎಂದರು, ಮತ್ತೊಮ್ಮೆ ಹೇಳಿದೆ.