ಅಮ್ಮ ಆರಿಸಿದ ಬ್ಲೇಡು

ಅಮ್ಮನ ಹೆರೆಮಣೆಯನ್ನು ಎರಡು ತುಂಡು ಮಾಡಲು ಹೊರಟವನು ನಾನೇ. ಅವಳ ಮೊಣಕಾಲಿನ ಆಪರೇಷನ್ ಆದ ಮೇಲೆ ಡಾಕ್ಟರು ಇನ್ನು ನೆಲದಲ್ಲಿ ಕೂರಲೇಬಾರದು ಎಂದಿದ್ದರು. ಅಂದಿನಿಂದ, ಮದುವೆಯಾದಾಗ ಅವಳ ಜೊತೆಗೇ ಉಡುಪಿಯಿಂದ ಡೊಂಬಿವಲಿಗೆ ಬಂದಿದ್ದ ಆ ಹಲಸಿನ ಹಲಗೆ, ಕಾಯಿ ತುರಿಯುವ ತನ್ನ ಕಬ್ಬಿಣದ ಹಲ್ಲಿನ ಸಮೇತ ಅಟ್ಟ ಸೇರಿತ್ತು. ನನ್ನ ಹೆಂಡತಿ ಕಾಯಿಯನ್ನು ಚೂರು ಮಾಡಿ ಮಿಕ್ಸಿಗೆ ಹಾಕುತ್ತಿದ್ದಳು. ಅಮ್ಮ ಆ ಕಾಯಿಯ ಮಸಾಲೆ ಹಾಕಿದ ಗಸಿಯನ್ನು ತಟ್ಟೆಯ ಬದಿಗೆ ಸರಿಸುತ್ತಿದ್ದಳು. ಅದನ್ನು ನೋಡಲು ನನಗೆ ಸಂಕಟವಾಗುತ್ತಿತ್ತು.

ಹಲಗೆಯ ಕೂರುವ ಭಾಗ ಕೊಯ್ದು ತೆಗೆದು, ಹಲ್ಲಿರುವ ಭಾಗವನ್ನು ಅಡುಗೆಕಟ್ಟೆಗೆ ಬಿಗಿದರೆ ಅವಳು ಸ್ಟೂಲಿನಲ್ಲಿ ಕುಳಿತು ತುರಿಯಬಹುದು ಎಂಬುದು ನನ್ನ ಮಹಾ ಯೋಜನೆ. ಕರೆಂಟಿನ ಗರಗಸ ಮನೆಯಲ್ಲೇ ಇತ್ತು, ಲಾಕ್‌ಡೌನಿನಲ್ಲಿ ಬಡಗಿಯಾಗುವ ಹುಚ್ಚು ಹಿಡಿದಾಗ ಕೊಂಡದ್ದು. ಮೊದಲು ಪ್ಲೈವುಡ್ಡಿನ ತುಂಡೊಂದನ್ನು ಕೊಯ್ದು ನೋಡಿದೆ. ಹೊಗೆ ಬಂತು. ಅಮ್ಮ ಅದರ ಅಂಚಿಗೆ ಬೆರಳಾಡಿಸಿದಳು.

"ಇದು ಕೊಯ್ದದ್ದಾ, ಇಲಿ ಕಡ್ದದ್ದಾ? ಈ ಬ್ಲೇಡು ನನ್ನ ಮಣೆಗೆ ಮುಟ್ಟಿಸ್ಬೇಡ ಮಾರಾಯಾ. ಇರುವುದೇ ಒಂದು."

ಹೊಸ ಬ್ಲೇಡು ತರಲು ಹೊರಟರೆ ಅವಳೂ ಕೋಲು ಹಿಡಿದು ರಿಕ್ಷಾ ಹತ್ತಿದಳು. ಸ್ಟೇಷನ್ನಿನ ಹತ್ತಿರದ ಹಾರ್ಡ್‌ವೇರ್ ಅಂಗಡಿಯವನು ನಡುವಿನ ತೂತು ಎಷ್ಟು ದೊಡ್ಡದು ಎಂದು ಕೇಳಿದಾಗ ನಾನು ಬೆರಳಲ್ಲಿ ಅಂದಾಜು ತೋರಿಸಿದೆ. ಅಮ್ಮ ಕೈಚೀಲದಿಂದ ನಾನು ಬಿಚ್ಚಿಟ್ಟಿದ್ದ ಹಳೆಯ ಬ್ಲೇಡು ತೆಗೆದಳು, ಪೇಪರಿನಲ್ಲಿ ಸುತ್ತಿ ತಂದಿದ್ದಳು.

"ರವಿಕೆ ಬಟ್ಟೆ ತರ್ಲಿಕ್ಕೆ ಮ್ಯಾಚಿಂಗ್ ಸೆಂಟರಿಗೆ ಯಾರಾದ್ರೂ ಸೀರೆ ಮನೆಯಲ್ಲಿಟ್ಟು ಹೋಗ್ತಾರಾ?"

ಅಂಗಡಿಯವನು ತೂತಿಗೆ ತೂತು ಕೂಡಿಸಿ ನೋಡಿ, ಸರಿಹೊಂದುವ ಎರಡನ್ನು ಮುಂದಿಟ್ಟ. ಒಂದಕ್ಕೆ ಇಪ್ಪತ್ತನಾಲ್ಕು ಹಲ್ಲು, ಇನ್ನೊಂದಕ್ಕೆ ಅರವತ್ತು. ಬೇಕಾದಷ್ಟು ವಿಡಿಯೋ ನೋಡಿದ್ದ ನಾನು ಗತ್ತಿನಿಂದ ಇಪ್ಪತ್ತನಾಲ್ಕರದನ್ನು ಎತ್ತಿಕೊಂಡೆ. ಬೇಗ ಕೊಯ್ಯುತ್ತದಲ್ಲ! ಅಮ್ಮ ಎರಡರ ಹಲ್ಲಿಗೂ ಹೆಬ್ಬೆರಳು ತಾಗಿಸಿದಳು.

"ದೊಡ್ಡ ಹಲ್ಲಿನ ಹೆರೆಮಣೆಯಲ್ಲಿ ಕಾಯಿ ಬೇಗ ಮುಗೀತದೆ, ತುರಿ ಮಾತ್ರ ದಪ್ಪ. ಸಣ್ಣ ಹಲ್ಲಿಂದೇ ಆಗ್ಬೇಕು. ಎರಡೂ ಬದಿ ನಯ ಬರ್ಬೇಕು."

"ಒಂದು ಬದಿ ಸಾಕಲ್ವಾ ಅಮ್ಮ? ಇನ್ನೊಂದು ಬಿಸಾಡ್ಲಿಕ್ಕಲ್ವಾ?"

ಅವಳು ಸಣ್ಣ ಹಲ್ಲಿನದನ್ನು ಮುಂದೆ ತಳ್ಳಿದಳು. ಅಂಗಡಿಯವನಿಗೆ, "ಬಾರೀಕ್ ದಾಂತ್‌ವಾಲಾ ದೋ ಭೈಯ್ಯಾ" ಎಂದಳು.

"ಆಜೀ ಬರೋಬರ್ ಬೋಲ್ತಾಯತ್" ಎಂದು ಅವನು ಮರಾಠಿಯಲ್ಲಿ ಅವಳ ಪಕ್ಷ ಸೇರಿದ. ಆಮೇಲೆ ಅವನು ನನ್ನನ್ನು ಏನೂ ಕೇಳಲಿಲ್ಲ. ಬಿಲ್ಲನ್ನು ಮಾತ್ರ ನನ್ನ ಕೈಗೆ ಕೊಟ್ಟ.

ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಹಲಗೆ ಕೊಯ್ದೆ. ಅಮ್ಮ ಎರಡು ಕಿವಿಯನ್ನೂ ಮುಚ್ಚಿಕೊಂಡು, ಕಣ್ಣು ಮಾತ್ರ ಮುಚ್ಚದೆ ಬಾಗಿಲಲ್ಲಿ ನಿಂತಿದ್ದಳು. ಬ್ಲೇಡು ನಿಧಾನವಾಗಿ ಹೋಯಿತು, ಒಂದು ಸಿಬಿರೂ ಏಳಲಿಲ್ಲ. ಹಲ್ಲಿನ ಭಾಗವನ್ನು ಕಟ್ಟೆಗೆ ಬಿಗಿದು ಸ್ನಾನಕ್ಕೆ ಹೋದೆ.

ಸ್ನಾನ ಮುಗಿಸಿ ಬಂದು ನೋಡಿದರೆ ಬಿಸಾಡಬೇಕಿದ್ದ ತುಂಡು ಬಾಲ್ಕನಿಯಲ್ಲಿಲ್ಲ. ಅಡುಗೆಮನೆಯಲ್ಲಿ ಅಮ್ಮ ಅದನ್ನು ಸ್ಟೂಲಿನ ಮೇಲಿಟ್ಟು, ಅದರ ಮೇಲೆ ಕುಳಿತು ಕಾಯಿ ತುರಿಯುತ್ತಿದ್ದಳು.

"ಮದುವೆಯಾದಾಗಿಂದ ಕೂತದ್ದು ಇದರ ಮೇಲೆ" ಎಂದಳು ತಿರುಗಿ ನೋಡದೆ. "ಅಂಚು ನಯ ಇಲ್ಲದಿದ್ರೆ ಸೀರೆ ಹರೀತಿತ್ತು. ಈಗ ಗೊತ್ತಾಯ್ತಾ?"

ಗೊತ್ತಾಯಿತು. ಅಂದು ಮಧ್ಯಾಹ್ನ ಅಮ್ಮ ಗಸಿಯನ್ನು ಎರಡು ಸಲ ಬಡಿಸಿಕೊಂಡಳು.